ತೂಗುದೀಪಕ್ಕೆ ಬೈಯುತ್ತಿದ್ದವರು

ನಾನು ನಿಂತಿದ್ದದ್ದು ವೇದಿಕೆಯ ಎಡಬದಿಗೆ, ಸಮುದ್ರದ ಕಡೆಯ ಗಾಜಿನ ಗೋಡೆಗೆ ಬೆನ್ನು ಕೊಟ್ಟು, ಸೌಂಡ್ ಮಿಕ್ಸರಿನ ಮುಂದೆ. ೧೯೮೮ರ ಚಳಿಗಾಲದ ಒಂದು ಗುರುವಾರ. ಇಳಿಹೊತ್ತಿನ ಅಸರ್ ನಮಾಜು ಮುಗಿದಿತ್ತು, ಸೂರ್ಯ ಮುಳುಗಿದಾಗಿನ ಮಗ್ರಿಬಿನ ಬಾಂಗ್ ಇನ್ನೂ ಆಗಿರಲಿಲ್ಲ. ಜಾಗ ಮಸ್ಕತ್ತಿನ ಕಡಲ ತೀರದ ಒಂದು ಹೋಟೆಲಿನ ದೊಡ್ಡ ಹಾಲ್. ನನಗೂ ನಮ್ಮ ಮ್ಯಾನೇಜರ್ ವಿಠಲ ಹೆಗ್ಡೆಯವರಿಗೂ ನಡುವೆ ಎರಡು ಮೇಜು, ಒಂದು ಕಂಬ ಇದ್ದವು. ಕಂಬ ಅಡ್ಡ ಬರುತ್ತಿರಲಿಲ್ಲ. ಅವರ ಮುಖ ನನಗೆ ಪೂರ್ತಿ ಕಾಣುತ್ತಿತ್ತು.

ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಆ ಸಂಜೆಯ ಸುದ್ದಿ ನಮ್ಮ ಊರಿನವರ ಬಾಯಿಂದ ಬಾಯಿಗೆ ಹೋಗಿ ಒಮಾನಿನ ಇನ್ನೊಂದು ತುದಿಯ ಸಲಾಲಾ ತಲುಪುವಷ್ಟರಲ್ಲಿ, ಹೆಗ್ಡೆಯವರು ವೇದಿಕೆ ಹತ್ತಿ ಗೊಳೋ ಎಂದು ಅತ್ತರು ಎಂದಾಗಿತ್ತು. ಸೊಹಾರಿನಲ್ಲಿ ಒಬ್ಬರು ನನಗೇ ಹೇಳಿದ ಪ್ರಕಾರ, ಅವರು ಇಟಲಿ ಭಾಷೆಯಲ್ಲಿ ಹಾಡಿದರು. ಎರಡೂ ನಡೆಯಲಿಲ್ಲ. ಅವರು ಅಳಲಿಲ್ಲ, ಹಾಡಲಿಲ್ಲ, ವೇದಿಕೆ ಹತ್ತಲಿಲ್ಲ. ಅವರು ಕುಳಿತರು. ನಡೆದದ್ದು ಅಷ್ಟೇ. ಆದರೂ ಅದನ್ನು ನೆನೆದರೆ ಈಗಲೂ ನನ್ನ ಬಲಗೈಯ ಹೆಬ್ಬೆರಳು ತಾನೇ ಮೇಲಕ್ಕೇಳುತ್ತದೆ. ಏಕೆ ಎಂದು ಹೇಳಬೇಕಾದರೆ ನಮ್ಮ ಕೆಲಸ ಹೇಗಿತ್ತು ಎಂಬಲ್ಲಿಂದ ಶುರುಮಾಡಬೇಕು. ಸೌಂಡ್ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗರು ಕೆಲವರು ಬರೆಯಿರಿ ಎಂದು ಒತ್ತಾಯಿಸಿದ್ದರಿಂದ ಅದಕ್ಕೂ ಇದು ಉಪಯೋಗವಾದೀತು.

ನಾನು ಸೇರಿದಾಗ ಆ ಹೋಟೆಲಿನಲ್ಲಿ ಸೌಂಡ್ ಆಪರೇಟರ್ ಎಂದರೆ ಅರ್ಧ ಎಲೆಕ್ಟ್ರಿಷಿಯನ್, ಕಾಲುಭಾಗ ಹಮಾಲಿ, ಉಳಿದ ಕಾಲುಭಾಗ ಕಿವಿ. ಕಡಲಿನ ಉಪ್ಪುಗಾಳಿ ಪ್ಲಗ್ಗುಗಳ ಹಿತ್ತಾಳೆಯನ್ನು ಹಸಿರು ಮಾಡುತ್ತಿತ್ತು. ವಾರಕ್ಕೊಮ್ಮೆ ಎಲ್ಲವನ್ನೂ ಸ್ಪಿರಿಟ್ ಹಾಕಿ ಒರೆಸಬೇಕು. ಮೈಕಿನ ತಂತಿಯನ್ನು ಮೊಣಕೈಗೆ ಹಗ್ಗದಂತೆ ಸುತ್ತಿದರೆ ಆರು ತಿಂಗಳಲ್ಲಿ ಒಳಗೆ ಕಡಿಯುತ್ತದೆ. ಒಂದು ಸುತ್ತು ಮೇಲಿನಿಂದ, ಇನ್ನೊಂದು ಅಡಿಯಿಂದ ಬರುವಂತೆ ಸುತ್ತಬೇಕು. ಹಾಲ್ ಖಾಲಿ ಇದ್ದಾಗ ಚಪ್ಪಾಳೆ ತಟ್ಟುತ್ತಾ ಸುತ್ತು ಹಾಕಿ, ಎಲ್ಲಿ ಶಬ್ದ ಹಿಂದಕ್ಕೆ ಬರುತ್ತದೆ ಎಂದು ಕೇಳಬೇಕು. ಹಾಗೆ ತಟ್ಟುತ್ತಾ ಹೋಗುವುದನ್ನು ನೋಡಿದ ಒಬ್ಬ ಅತಿಥಿ, ಈ ಮನುಷ್ಯ ಯಾರಿಗೆ ಚಪ್ಪಾಳೆ ಹೊಡೆಯುತ್ತಿದ್ದಾನೆ ಎಂದು ರಿಸೆಪ್ಷನ್ನಿನಲ್ಲಿ ವಿಚಾರಿಸಿದ್ದುಂಟು.

ಒಮಾನಿಗಳ ಮದುವೆಯಲ್ಲಿ ಹೆಂಗಸರ ಹಾಲಿಗೆ ಗಂಡಸರು ಹೋಗುವಂತಿಲ್ಲ. ಮೊದಲೇ ಎಲ್ಲ ಜೋಡಿಸಿಟ್ಟು, ತಂತಿಯನ್ನು ಬಾಗಿಲಿನ ಅಡಿಯಿಂದ ಹೊರಗೆ ತಂದು, ಮಿಕ್ಸರನ್ನು ಅಡುಗೆಮನೆಯ ದಾರಿಯಲ್ಲಿಟ್ಟು ಕೂರಬೇಕು. ಒಳಗೆ ಏನಾಗುತ್ತಿದೆ ಎಂದು ಕಾಣದು. ಮದುಮಗಳು ಬಂದಳು ಎಂದು ನನಗೆ ಗೊತ್ತಾಗುತ್ತಿದ್ದದ್ದು ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಉಲಿಯಿಂದ. ಕಣ್ಣಿಲ್ಲದೆ ಕೆಲಸ ಮಾಡುವುದನ್ನು ನಾನು ಕಲಿತದ್ದು ಆ ದಾರಿಯಲ್ಲಿ, ಬಿರಿಯಾನಿಯ ದೊಡ್ಡ ತಪಲೆಗಳು ನನ್ನ ಮೂಗಿನ ಮುಂದೆ ಹಾದುಹೋಗುತ್ತಿದ್ದಾಗ.

ತಂತಿಯಿಲ್ಲದ ಮೈಕ್ ಮೊದಲ ಸಲ ಬಂದಾಗ ನಮಗೆಲ್ಲ ಹಬ್ಬ. ಒಂದು ಕಂಪನಿಯ ವಾರ್ಷಿಕ ಸಭೆಗೆ ಅದನ್ನು ಇಟ್ಟೆವು. ದೊಡ್ಡ ಸಾಹೇಬರು ಮಾತಾಡುತ್ತಾ, ಬರುವ ವರ್ಷ ನಮ್ಮ ವ್ಯಾಪಾರ ಹೇಗಿರುತ್ತದೆಂದರೆ ಎಂದು ಒಂದು ಕ್ಷಣ ನಿಲ್ಲಿಸಿದರು. ಆಗ ಸ್ಪೀಕರಿನಿಂದ ಗಂಭೀರವಾದ ಬೇರೊಂದು ಧ್ವನಿ ಬಂತು: "ಖಲಾಸ್. ಖಲಾಸ್." ಹೋಟೆಲಿನ ಹಿಂದೆ ಕಟ್ಟಡ ಏಳುತ್ತಿತ್ತು; ಅಲ್ಲಿನ ಮೇಸ್ತ್ರಿಯ ವಾಕಿಟಾಕಿ ನಮ್ಮ ಮೈಕಿನೊಳಗೆ ಬಂದಿತ್ತು. ಸಿಮೆಂಟ್ ಮುಗಿಯಿತು ಎಂದು ಅವನು ಹೇಳುತ್ತಿದ್ದ. ಸಭೆ ಮೊದಲು ಸ್ತಬ್ಧವಾಯಿತು, ಆಮೇಲೆ ನಕ್ಕಿತು. ಸಾಹೇಬರು ನಗಲಿಲ್ಲ.

ಸಂಜೆ ಹೆಗ್ಡೆಯವರು ನನ್ನನ್ನು ಕರೆದರು. ಅವರು ಬ್ಯಾಂಕ್ವೆಟ್ ಮ್ಯಾನೇಜರ್, ಅಂದರೆ ಆ ಹಾಲ್, ಅದರ ಊಟ, ದೀಪ, ಶಬ್ದ ಎಲ್ಲಕ್ಕೂ ಯಜಮಾನರು. ಕಾಪು ಕಡೆಯ ಬಂಟರು, ಎತ್ತರದ ಆಳು, ಕಪ್ಪು ಕೋಟಿನ ಮೇಲೆ ಒಂದು ನೂಲೂ ಇರದಷ್ಟು ಅಚ್ಚುಕಟ್ಟು. ಅವರು ಬಂದು ನನ್ನ ಪಕ್ಕದಲ್ಲಿ ನಿಂತು, ತಲೆಯೆತ್ತಿ, ಹಾಲಿನ ನಡುವಿನ ದೊಡ್ಡ ತೂಗುದೀಪಕ್ಕೆ ಕೇಳಿದರು:

"ಆ ಖಲಾಸ್ ಹೇಳಿದ ಮನುಷ್ಯನಿಗೆ ಸಂಬಳ ಕೊಡುವುದು ನಾವಾ?"

"ಅಲ್ಲ ಸಾರ್."

"ಮತ್ತೆ ನಮ್ಮ ಹಾಲಿನಲ್ಲಿ ಅವನಿಗೆ ಎಂತ ಕೆಲಸ?"

ಉತ್ತರ ಹೇಳಬೇಕಾದದ್ದು ನಾನೋ ದೀಪವೋ ಎಂದು ನನಗೆ ತಿಳಿಯಲಿಲ್ಲ. ಆಚೆ ಕಡೆ ಗಾಜಿನ ಲೋಟ ಒರೆಸುತ್ತಿದ್ದ ಹಮೀದ್ ಆಮೇಲೆ ಬಿಡಿಸಿ ಹೇಳಿದ. ಹಮೀದ್ ಉಳ್ಳಾಲದ ಬ್ಯಾರಿ, ಊಟ ಬಡಿಸುವ ಸ್ಟುವರ್ಡುಗಳ ಮುಖ್ಯಸ್ಥ, ನನಗಿಂತ ಮೊದಲೇ ಸೇರಿದವನು.

"ಹೆಗ್ಡೆ ಸಾರ್ ಯಾರ ಮುಖ ನೋಡಿಯೂ ಬೈಯುದಿಲ್ಲ ಸದಾನಂದಣ್ಣ. ದೀಪಕ್ಕೆ ಬೈದ್ರೆ ಸಣ್ಣ ತಪ್ಪು. ಆ್ಯಶ್‌ಟ್ರೇಗೆ ಬೈದ್ರೆ ದೊಡ್ಡದು. ಕೈಗಡಿಯಾರಕ್ಕೆ ಬೈದ್ರೆ ಊರಿನ ಟಿಕೆಟ್ ನೋಡ್ಕೊಳ್ಳಿ."

ನನ್ನದು ದೀಪದ ತಪ್ಪು ಎಂದು ಸಮಾಧಾನವಾಯಿತು.

ಹೆಗ್ಡೆಯವರಿಗೆ ಒಂದು ಹುಚ್ಚಿತ್ತು, ತಾಳಮದ್ದಳೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿ ಕುಳಿತಲ್ಲೇ, ಆಶುವಾಗಿ, ಅದರ ಅರ್ಥ ಹೇಳುತ್ತಾನೆ. ಎದುರಿನವನು ಅದಕ್ಕೆ ಉತ್ತರ ಕೊಡುತ್ತಾನೆ. ವಾದ ಬೆಳೆಯುತ್ತದೆ. ಊರಿನಲ್ಲಿ ಹೆಗ್ಡೆಯವರು ಒಳ್ಳೆಯ ಅರ್ಥಧಾರಿ, ಅದರಲ್ಲೂ ಮೂಗಿನ ತುದಿಯಲ್ಲಿ ಕೋಪ ಇರುವ ಮುದಿ ರಾಜರ ಪಾತ್ರಕ್ಕೆ. ಮನೆಯಲ್ಲಿ ತುಳು, ಕೆಲಸದಲ್ಲಿ ಇಂಗ್ಲಿಷ್, ಅರ್ಥಕ್ಕೆ ಮಾತ್ರ ಅಚ್ಚ ಕನ್ನಡ. ಅವರಿಗೆ ಎರಡು ನಿಯಮಗಳಿದ್ದವು. ಪದ್ಯ ಆದ ಮೇಲೆ ಅರ್ಥ ಹೇಳದೆ ಬಿಡಬಾರದು. ಸಭೆಯಲ್ಲಿ ಹೇಳಿದ ಅರ್ಥವನ್ನು ಹಿಂದೆ ತೆಗೆದುಕೊಳ್ಳಬಾರದು.

ಹೋಟೆಲಿಗೆ ಹೊರದೇಶಗಳಿಂದ ಹಾಡುಗಾರರು ಕಾಂಟ್ರ್ಯಾಕ್ಟಿನ ಮೇಲೆ ಬರುತ್ತಿದ್ದರು. ಕುಟುಂಬಗಳು ಬರುವ ಜಾಗದಲ್ಲಿ ಏನೇನೋ ಹಾಡಿ ತೊಂದರೆಯಾಗಬಾರದು, ಸ್ವಲ್ಪ ನೋಡಿಕೊಳ್ಳಿ ಎಂದು ಮೇಲಿನವರು ಹೇಳಿದ್ದರು. ಸ್ವಲ್ಪ ನೋಡಿಕೊಳ್ಳುವುದು ಹೆಗ್ಡೆಯವರಿಗೆ ಗೊತ್ತಿರಲಿಲ್ಲ. ವಾರ ಶುರುವಾಗುವ ಶನಿವಾರ ಮಧ್ಯಾಹ್ನ ಹಾಡುಗಾರರನ್ನು ಖಾಲಿ ಹಾಲಿನಲ್ಲಿ ಕೂರಿಸಿ, ಪ್ರತಿ ಹಾಡಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದರಲ್ಲಿ ಯಾರು, ಯಾರಿಗೆ, ಎಂತ ಹೇಳುವುದು?" ನಾನು ಮೈಕ್ ಜೋಡಿಸುತ್ತಾ ಎಲ್ಲ ಕೇಳುತ್ತಿದ್ದೆ. ಮಾತುಕತೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು; ಇಲ್ಲಿ ನಮ್ಮ ಕನ್ನಡಕ್ಕೆ ತಂದಿದ್ದೇನೆ.

ಆ ವರ್ಷ ಬಂದವಳು ಸಿಲ್ವಾನಾ. ಐವತ್ತರ ಆಸುಪಾಸಿನ ಇಟಲಿಯ ಹೆಂಗಸು, ಪಿಯಾನೋ ನುಡಿಸುತ್ತಾ ಹಾಡುವವಳು. ನಕ್ಕರೆ ನನ್ನ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಅವಳ ಬಾಯಲ್ಲಿ ಹೆಗ್ಡೆಯವರು ಮಿಸ್ತರ್ ಎಗ್ದೆ.

"ಒಬ್ಬಳು ಹುಡುಗಿ, ಮಿಸ್ತರ್ ಎಗ್ದೆ. ಕಿಟಕಿಯ ಕೆಳಗೆ ಒಬ್ಬ ಹುಡುಗ."

"ಬೇಡ. ಮುಂದಿನದು."

"ಇದು ನಾವಿಕನಿಗೆ ಕಾಯುವವಳು."

"ಗಂಡನಾ?"

"ಗಂಡನ ಹಾಗೆಯೇ."

"ಹಾಗೆಯೇ ಅಂದರೆ ಬೇಡ."

ಆ ಶನಿವಾರ ಪಾಸಾದದ್ದು ಒಂದು ಲಾಲಿ ಹಾಡು ಮಾತ್ರ. ವಾರವಿಡೀ ಅದನ್ನೇ ಕೇಳಿ ಅತಿಥಿಗಳಿಗೆ ತೂಕಡಿಕೆ ಬಂತು. ಸಿಲ್ವಾನಾ ಅಡುಗೆಮನೆಯ ದಾರಿಗೆ ಬಂದು ತಲೆಗೆ ಕೈಹೊತ್ತು ಕುಳಿತಳು. ಹಮೀದ್ ಅವಳಿಗೆ ಕಾಫಿ ಕೊಟ್ಟು ಉಪಾಯವನ್ನೂ ಕೊಟ್ಟ.

"ಮೇಡಮ್, ಪ್ರಿಯತಮ ಅನ್ಬೇಡಿ. ಮಾವ ಅನ್ನಿ. ಅವರ ಜಾತಿಯಲ್ಲಿ ಮಾವನೇ ಎಲ್ಲ."

ಅದು ನಿಜ. ನಮ್ಮ ಕಡೆಯ ಅಳಿಯಕಟ್ಟಿನ ಮನೆಗಳಲ್ಲಿ ತಂದೆಗಿಂತ ಸೋದರಮಾವನ ಮಾತು ನಡೆಯುವುದು. ಮನೆ ನಡೆಸುವವನು, ಮಕ್ಕಳ ಹೊಣೆ ಹೊರುವವನು, ಬೈಯುವವನು ಅವನೇ. ನಾನು ಇದನ್ನು ವಿವರಿಸಿದಾಗ ಸಿಲ್ವಾನಾಳ ಕಣ್ಣು ಅರಳಿತು.

"ತುತೋರೆ," ಎಂದಳು. ಪೋಷಕ ಎಂದು ಅರ್ಥವಂತೆ. "ನಮ್ಮ ಹಳೆಯ ಹಾಡುಗಳಲ್ಲೂ ಇದ್ದಾನೆ. ಹುಡುಗಿಯನ್ನು ಕೂಡಿಹಾಕುವ ಮುದುಕ. ಕೆಟ್ಟವನು."

"ನಮ್ಮವರು ಕೆಟ್ಟವರಲ್ಲ," ಎಂದ ಹಮೀದ್. "ದೀಪಕ್ಕೆ ಬೈಯುವವರು ಅಷ್ಟೆ."

ಮುಂದಿನ ಶನಿವಾರದಿಂದ ಇಟಲಿಯ ಪ್ರೇಮಗೀತೆಗಳೆಲ್ಲ ಅನಾಥ ಹುಡುಗಿಯೊಬ್ಬಳು ಬಿಗಿ ಮೋರೆಯ ಮಾವನಲ್ಲಿ ಪ್ರೀತಿಗಾಗಿ ಬೇಡುವ ಹಾಡುಗಳಾದವು.

"ಹುಡುಗಿ ತನ್ನ ಮಾವನಿಗೆ ಹೇಳುತ್ತಾಳೆ," ಎಂದು ಸಿಲ್ವಾನಾ ಶುರುಮಾಡಿದಳು, "ನಿಮ್ಮ ತುಟಿ..."

"ತುಟಿ?"

"ತುಟಿ ಬಿಚ್ಚಿ ಒಂದು ಮಾತಾಡಿ, ಎಂದು."

ಹೆಗ್ಡೆಯವರು ತೂಗುದೀಪವನ್ನು ನೋಡಿದರು. ಪಾಸಾಯಿತು ಎಂದು ನಾವು ಅಂದುಕೊಂಡೆವು. ಆದರೆ ಅವರೊಳಗಿನ ಅರ್ಥಧಾರಿ ಎದ್ದುಬಿಟ್ಟಿದ್ದ.

"ಹುಡುಗಿಗೆ ಹೇಳಿ. ಮಾತಾಡದ ಮಾವ ಸಿಕ್ಕಿದ್ದು ಅವಳ ಪುಣ್ಯ. ಮಾತಾಡುವ ಮಾವಂದಿರ ಮನೆಯಲ್ಲಿ ಊಟ ತಡವಾಗುತ್ತದೆ."

"ಹುಡುಗಿಗೆ ಊಟ ಬೇಡ, ಮಿಸ್ತರ್ ಎಗ್ದೆ. ಪ್ರೀತಿ ಬೇಕು."

"ಊಟ ಬೇಡದವಳು ಮೂರು ಪದ್ಯ ಹಾಡುವಷ್ಟು ಉಸಿರನ್ನು ಎಲ್ಲಿಂದ ತಂದಳು?"

ಆಮೇಲೆ ಶನಿವಾರದ ಮಧ್ಯಾಹ್ನ ಹೋಟೆಲಿನಲ್ಲಿ ಪ್ರಸಿದ್ಧವಾಯಿತು. ಸಿಲ್ವಾನಾ ಹುಡುಗಿಯ ಪರ, ಹೆಗ್ಡೆಯವರು ಮಾವನ ಪರ. ಅದನ್ನು ಕೇಳಲು, ಉಜ್ಜಿ ಹೊಳೆಯುತ್ತಿದ್ದ ಚಮಚಗಳನ್ನೇ ಮತ್ತೆ ಉಜ್ಜುವ ನೆಪದಲ್ಲಿ ಅರ್ಧ ಅಡುಗೆಮನೆ ಹಾಲಿಗೆ ಬರುತ್ತಿತ್ತು. ಹಾಡಿನ ಹುಡುಗಿಯೊಬ್ಬಳು, ನನಗೆ ಜ್ವರ ಬಂದರೂ ನೀವು ಹಣೆ ಮುಟ್ಟುವುದಿಲ್ಲ ಎಂದು ಬೇಡಿದರೆ, ಹೆಗ್ಡೆಯವರು, ಮುಟ್ಟಿದರೆ ಜ್ವರ ಇಳಿಯುವುದಾದರೆ ಡಾಕ್ಟರು ಯಾಕೆ ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ನಗದೆ ಇರುತ್ತಿದ್ದವಳು ಒಬ್ಬಳೇ. ಅವಳು ಹಿಂದಿನ ಸಾಲಿನ ಕೊನೆಯ ಮೇಜಿನಲ್ಲಿ ಇರುತ್ತಿದ್ದಳು.

ಸವಿತಾ ಹೆಗ್ಡೆಯವರ ತಂಗಿಯ ಮಗಳು. ತಂದೆ ಮೊದಲೇ ಹೋಗಿದ್ದರು. ಅವಳು ಚಿಕ್ಕವಳಿದ್ದಾಗ ತಾಯಿಯೂ ತೀರಿಕೊಂಡಳು. ಮದುವೆಯಾಗದ ಮಾವ ಊರಿಗೆ ಹೋಗಿ ಅವಳನ್ನು ಕರೆತಂದು ತನ್ನ ವೀಸಾದಲ್ಲಿ ಇಟ್ಟುಕೊಂಡಿದ್ದರು. ಆಗ ಅವಳು ಹತ್ತನೇ ತರಗತಿ. ಶಾಲೆಯ ಬಸ್ಸು ಅವಳನ್ನು ಹೋಟೆಲಿನ ಹಿಂದಿನ ಗೇಟಿಗೆ ಬಿಡುತ್ತಿತ್ತು. ಮಾವನ ಕೆಲಸ ಮುಗಿಯುವವರೆಗೆ ಆ ಮೇಜಿನಲ್ಲಿ ಕುಳಿತು ಓದುತ್ತಿದ್ದಳು. ರಜೆಯ ದಿನಗಳಲ್ಲೂ ಅಲ್ಲೇ. ಹೆಗ್ಡೆಯವರು ದಾಟಿಹೋಗುವಾಗ ಮೇಜಿನ ಮೇಲಿನ ಹೂದಾನಿಯನ್ನು ನೋಡಿ ಕೇಳುತ್ತಿದ್ದರು:

"ಹೋಂವರ್ಕ್ ಆಯ್ತಾ?"

"ಯೆಸ್ ಮಾವ."

"ಹೂಂ."

ಹಮೀದ್ ನನ್ನ ಕಿವಿಯಲ್ಲಿ ಹೇಳುತ್ತಿದ್ದ, "ಈ ವರ್ಷ ಹೂದಾನಿ ಫಸ್ಟ್ ಕ್ಲಾಸ್, ನೋಡಿ."

ಸಿಲ್ವಾನಾ ಮಧ್ಯಾಹ್ನ ಅಭ್ಯಾಸ ಮಾಡುವಾಗ ಸವಿತಾ ಪಿಯಾನೋದ ಹತ್ತಿರ ಹೋಗಿ ನಿಲ್ಲಲು ಶುರುಮಾಡಿದಳು. ಸಣ್ಣ, ನೇರವಾದ ದನಿ. ಅದಕ್ಕೆ ಯಾವ ಗುಂಡಿಯನ್ನೂ ತಿರುಗಿಸಬೇಕಾಗಿರಲಿಲ್ಲ. ಮೈಕ್ ಇಟ್ಟು ಸುಮ್ಮನಿದ್ದರೆ ಸಾಕು.

ಒಂದು ದಿನ ನಾನು ತಂತಿ ಸುತ್ತುತ್ತಿದ್ದೆ, ಅವಳು ಇನ್ನೊಂದು ತುದಿ ಹಿಡಿದುಕೊಂಡಿದ್ದಳು.

"ಅಂಕಲ್, ಎಕ್ಸಾಮ್ ಮುಗಿದ ಮೇಲೆ ನಾನು ಮಂಗಳೂರಿಗೆ. ಹಾಸ್ಟೆಲ್. ಸೀಟ್ ಆಗಿದೆಯಂತೆ."

"ಯಾರು ಹೇಳಿದ್ದು?"

"ಮಾವ. ಫ್ರಿಜ್ಜಿಗೆ ಹೇಳಿದ್ರು. ನಾನು ಪಕ್ಕದಲ್ಲಿದ್ದೆ."

ಅವಳು ತಮಾಷೆಗೆ ಹೇಳಿದ್ದಲ್ಲ. ನಾನು ನಗಲು ಹೋಗಿ ನಿಲ್ಲಿಸಿದೆ.

"ನಿನಗೆ ಹೋಗಲಿಕ್ಕೆ ಮನಸ್ಸಿಲ್ಲದಿದ್ರೆ ಹೇಳು ಮಗಾ."

"ಹೇಗೆ ಹೇಳುದು? ಅವರು ಕೇಳಿದ್ದಕ್ಕೆ ಯೆಸ್, ನೋ ಹೇಳ್ಬಹುದು. ಕೇಳದೇ ಇದ್ದದ್ದಕ್ಕೆ?" ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನಾನು ಅವರಿಗೆ ಭಾರ ಅಂಕಲ್. ಬೇಕು ಅಂತ ಇದ್ರೆ ಒಂದು ಸಲವಾದ್ರೂ ನನ್ನನ್ನು ನೋಡಿ ಹೇಳ್ತಿರ್ಲಿಲ್ವಾ?" ಎಂದಳು.

ಹೆಗ್ಡೆಯವರ ಕಾರಣ ನನಗೆ ಗೊತ್ತಿತ್ತು. ದೊಡ್ಡವಳಾಗುತ್ತಿರುವ ಹೆಣ್ಣು ಹುಡುಗಿ, ಮನೆಯಲ್ಲಿ ಹೆಂಗಸರಿಲ್ಲ, ಹಾಸ್ಟೆಲಿನಲ್ಲಿ ಜೊತೆಗೆ ಮಕ್ಕಳಿರುತ್ತಾರೆ ಎಂದು ಅವರು ಆ್ಯಶ್‌ಟ್ರೇಗೆ ಹೇಳಿದ್ದನ್ನು ನಾನು ಕೇಳಿದ್ದೆ. ಅದನ್ನು ಅವಳಿಗೆ ಹೇಳಿದೆ. ಅವಳು ತಂತಿಯ ತುದಿಯನ್ನು ನನ್ನ ಕೈಗೆ ಕೊಟ್ಟು, "ಅದನ್ನು ಅವರೇ ನನಗೆ ಹೇಳ್ಬಹುದಿತ್ತು," ಎಂದಳು.

ಪಿಯಾನೋ ಮುಂದಿದ್ದ ಸಿಲ್ವಾನಾಳಿಗೆ ಕನ್ನಡ ಬಾರದು. ಮುಖ ನೋಡಿ, ಏನು ಎಂದು ಕೇಳಿದಳು. ಸವಿತಾ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಸಿಲ್ವಾನಾ, ತನ್ನ ಅಜ್ಜಿ ಹಾಡುತ್ತಿದ್ದ ಒಂದು ಹಾಡಿದೆ, ಕಲಿಸುತ್ತೇನೆ ಎಂದಳು. ನನ್ನ ಕಡೆ ತಿರುಗಿ, "ಈ ಸಲ ನಿಜವಾಗಿಯೂ ತುತೋರೆಯ ಹಾಡು," ಎಂದಳು.

ಮುಂದಿನ ಶನಿವಾರ ಅವಳು ಅದರ ಅರ್ಥವನ್ನು ಹೆಗ್ಡೆಯವರ ಮುಂದೆ ಇಟ್ಟಳು. ನನಗೆ ನೆನಪಿರುವಷ್ಟು ಹೇಳುತ್ತೇನೆ. ಹುಡುಗಿ ಹೇಳುತ್ತಾಳೆ: ತೋಟದ ಬೀಗದ ಕೈ ನಿಮ್ಮ ಸೊಂಟದಲ್ಲೇ ಇರಲಿ, ನನಗೆ ತೋಟ ಬೇಡ. ಹೊಸ ರಿಬ್ಬನ್ ಬೇಡ, ಪೇಟೆಗೆ ಕರೆದೊಯ್ಯುವುದು ಬೇಡ. ತಪ್ಪು ಮಾಡಿದರೆ ಬೈಯಿರಿ, ದಿನವೂ ಬೈಯಿರಿ. ಆದರೆ ಬೈಯುವಾಗ ಗೋಡೆಯನ್ನು ನೋಡಬೇಡಿ. ಗೋಡೆಗೇ ಎಲ್ಲ ಸಿಕ್ಕುತ್ತಿದೆ. ನನ್ನ ಮುಖ ನೋಡಿ ಬೈಯಿರಿ.

ಚಮಚ ಉಜ್ಜುತ್ತಿದ್ದವರು ನಗಲಿಲ್ಲ. ಗೋಡೆಯ ಮಾತು ಅಜ್ಜಿಯದೋ ಸಿಲ್ವಾನಾಳದೋ ನನಗೆ ಈಗಲೂ ಗೊತ್ತಿಲ್ಲ. ಹೆಗ್ಡೆಯವರು ತೂಗುದೀಪವನ್ನು ನೋಡುತ್ತಲೇ ಇದ್ದರು.

"ಪದ್ಯ ಕೇಳದೆ ಅರ್ಥ ಹೇಳ್ಲಿಕ್ಕೆ ಬರುದಿಲ್ಲ," ಎಂದರು ಕೊನೆಗೆ, ಇಂಗ್ಲಿಷ್ ಮರೆತು ಕನ್ನಡದಲ್ಲೇ. ಆಮೇಲೆ ಇಂಗ್ಲಿಷಿನಲ್ಲಿ, "ಯಾರು ಹಾಡುವುದು?"

"ನನ್ನ ಶಿಷ್ಯೆ."

ಯಾವ ಶಿಷ್ಯೆ ಎಂದು ಅವರು ಕೇಳಲಿಲ್ಲ. ಅವರಿಗೆ ಆಗಲೇ ಗೊತ್ತಿತ್ತು ಎಂದು ಹಮೀದ್ ಹೇಳುತ್ತಾನೆ. ನಾನು ಮುಖ ನೋಡಿದ್ದೆ. ಗೊತ್ತಿತ್ತು ಎಂದಾಗಲೀ ಇರಲಿಲ್ಲ ಎಂದಾಗಲೀ ಪ್ರಮಾಣ ಮಾಡಲಾರೆ.

ಹೀಗೆ ಆ ಗುರುವಾರ ಬಂತು. ಗುರುವಾರ ಸಂಜೆ ಚಹಾದ ಹೊತ್ತಿಗೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಕಡೆಯಿಂದ ವಿದೇಶಿ ಕುಟುಂಬಗಳು ಬರುತ್ತಿದ್ದವು. ಹಾಲ್ ಮುಕ್ಕಾಲು ತುಂಬಿತ್ತು. ಹೆಗ್ಡೆಯವರು ಹಿಂದಿನ ಬಾಗಿಲಿನ ಬಳಿ, ಕೈ ಹಿಂದಕ್ಕೆ ಕಟ್ಟಿ ನಿಂತಿದ್ದರು. ಅತಿಥಿಗಳಿರುವಾಗ ಅವರು ಹಾಲಿನಲ್ಲಿ ಕುಳಿತದ್ದನ್ನು ಯಾರೂ ಕಂಡವರಿಲ್ಲ; ನಮ್ಮನ್ನೂ ಕೂರಲು ಬಿಡುತ್ತಿರಲಿಲ್ಲ.

ಇನ್ನೊಂದು ಕಟ್ಟಳೆ ಹೇಳಬೇಕು. ಹಾಡು ಮುಗಿದು ಚಪ್ಪಾಳೆ ಇಳಿಯುವ ಮೊದಲೇ ನಾನು ಕ್ಯಾಸೆಟ್ ಡೆಕ್ಕಿನ ಗುಂಡಿ ಒತ್ತಿ ಮೆತ್ತಗೆ ಸಂಗೀತ ಬಿಡಬೇಕು. ಹಾಲ್ ಎಂದೂ ಬರಿದಾಗಿ ಕೇಳಿಸಬಾರದು ಎಂಬುದು ಹೆಗ್ಡೆಯವರದೇ ಆಜ್ಞೆ. ಅದರಲ್ಲಿ ತಪ್ಪಿದರೆ ಅದು ಆ್ಯಶ್‌ಟ್ರೇಯ ತಪ್ಪು.

ಸಿಲ್ವಾನಾ ಪಿಯಾನೋ ಮುಂದೆ ಕುಳಿತಳು. ಸವಿತಾ ಶಾಲೆಯ ಸಮವಸ್ತ್ರದಲ್ಲೇ ಬಂದು ಮೈಕಿನ ಮುಂದೆ ನಿಂತಳು. ಹಾಡಿದಳು. ನಮ್ಮಲ್ಲಿ ಯಾರಿಗೂ ಆ ಭಾಷೆ ಬಾರದು, ಆದರೆ ಅರ್ಥ ಗೊತ್ತಿತ್ತು. ಕೊನೆಯ ಪದ್ಯವನ್ನು ಅವಳು ಅತಿಥಿಗಳ ತಲೆಯ ಮೇಲಿಂದ ನೇರವಾಗಿ ಹಿಂದಿನ ಬಾಗಿಲಿನ ಕಡೆಗೆ ಹಾಡಿದಳು. ಮುಗಿಯಿತು. ಚಪ್ಪಾಳೆ ಬಂತು. ನನ್ನ ಹೆಬ್ಬೆರಳು ಗುಂಡಿಯ ಮೇಲಿತ್ತು.

ಆಗ ಹೆಗ್ಡೆಯವರು ಹತ್ತಿರದ ಮೇಜಿನಿಂದ ಒಂದು ಕುರ್ಚಿ ಎಳೆದು, ಎರಡು ಸಾಲುಗಳ ನಡುವಿನ ದಾರಿಯಲ್ಲಿ ಮುಂದಕ್ಕೆ, ನನ್ನಿಂದ ಎರಡು ಮೇಜಿನ ದೂರಕ್ಕೆ ತಂದಿಟ್ಟು, ಕುಳಿತರು. ಬೆನ್ನು ನೆಟ್ಟಗೆ. ಎಡಗೈ ತೊಡೆಯ ಮೇಲೆ. ಕೋಟಿನ ತುದಿಯನ್ನು ಶಾಲಿನಂತೆ ಒಮ್ಮೆ ಸರಿಮಾಡಿಕೊಂಡರು.

ಹಮೀದ್ ನನ್ನ ಕಡೆ ನೋಡಿದ. ಅವನು ಹಿಡಿದಿದ್ದ ಟ್ರೇಯಲ್ಲಿ ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದಾದವು. ಅರ್ಥಧಾರಿ ಕುಳಿತು ಮಾತಾಡುತ್ತಾನೆ ಎಂಬುದು ಆ ಹಾಲಿನಲ್ಲಿ ಗೊತ್ತಿದ್ದವರು ನಾವು ಮೂರೋ ನಾಲ್ಕೋ ಜನ. ನಾನು ಗುಂಡಿ ಒತ್ತಲಿಲ್ಲ. ಒತ್ತಬಾರದು ಎಂದು ಯೋಚಿಸಿ ನಿಲ್ಲಿಸಿದ್ದಲ್ಲ; ಬೆರಳು ತಾನೇ ಮೇಲೆ ಬಂತು. ಹಾಲ್ ಮೊದಲ ಸಲ ಬರಿದಾಗಿ ಕೇಳಿಸಿತು.

"ಎಲೆ ಬಾಲೆ," ಎಂದರು ಹೆಗ್ಡೆಯವರು, ಮುದಿ ರಾಜರ ದನಿಯಲ್ಲಿ. ಮೈಕಿಲ್ಲದೆ ಗಾಜಿನ ಗೋಡೆಯವರೆಗೂ ಮುಟ್ಟಿತು. "ಗೋಡೆಗೆ ಬೈದೆನೆಂದು ಆರೋಪ ಹೊರಿಸಿದೆಯಷ್ಟೆ. ಒಪ್ಪಿದೆ. ಆದರೆ ಬೈಗುಳಕ್ಕೆ ಸರಕು ಎಲ್ಲಿಂದ ಬಂತೆಂದು ಯೋಚಿಸಿದೆಯಾ? ನೋಡದೆ ಇದ್ದವನಿಗೆ ಬೈಯಲು ವಿಷಯ ಸಿಗುವುದುಂಟೇ?"

ಅವರು ಅವಳ ಮುಖವನ್ನು ನೋಡುತ್ತಿದ್ದರು. ಇದನ್ನೇ ನಾನು ಸಾಕ್ಷಿಯಾಗಿ ಹೇಳಬೇಕೆಂದಿದ್ದು. ದೀಪವನ್ನಲ್ಲ, ಗಡಿಯಾರವನ್ನಲ್ಲ.

"ನಿನ್ನ ಎಡಗಾಲಿನ ಶೂ ಒಂದೇ ಬದಿಗೆ ಸವೆದಿದೆ. ಎಳೆದುಕೊಂಡು ನಡೆಯಬೇಡವೆಂದು ಹೇಳಿದೆನೋ ಇಲ್ಲವೋ? ಬೆಂಡೆಕಾಯಿಯನ್ನು ಅನ್ನದ ಅಡಿಯಲ್ಲಿ ಹೂತು, ಊಟ ಆಯಿತೆಂದು ತಟ್ಟೆ ತೊಳೆಯುತ್ತೀಯೆ." ಇಷ್ಟು ಹೊತ್ತಿಗೆ ರಾಜರ ಕನ್ನಡ ಜಾರಿ ಕಾಪುವಿನ ಕನ್ನಡ ಬಂದಿತ್ತು. "ಲೆಕ್ಕ ತಪ್ಪಿದ್ರೆ ಪೆನ್ಸಿಲ್ ಕಚ್ಚುದು. ಎಸಿ ಗಾಳಿ ಎಲ್ಲಿ ನೇರ ಹೊಡೀತದೋ ಅಲ್ಲಿಗೇ ತಲೆ ಹಾಕಿ ಮಲಗುದು, ಬೆಳಿಗ್ಗೆ ಎದ್ದು ಸೀನುದು. ಎಷ್ಟು ಸಲ ಹೇಳ್ಬೇಕು?"

"ನೀವು ಎಸಿಗೆ ಹೇಳಿದ್ರಿ, ಮಾವ."

ಅವಳ ಮುಂದೆ ಮೈಕ್ ಇತ್ತು. ಆ ಮಾತು ಎಲ್ಲ ಸ್ಪೀಕರುಗಳಲ್ಲಿ ಬಂತು. ಹಮೀದ್ ಟ್ರೇಯನ್ನು ಕೆಳಗಿಟ್ಟುಬಿಟ್ಟ. ಹೆಗ್ಡೆಯವರ ಮೀಸೆ ಒಮ್ಮೆ ಅಲುಗಿತು, ಆದರೆ ಎದುರಾಳಿಯ ಒಳ್ಳೆಯ ಮಾತಿಗೆ ಅರ್ಥಧಾರಿ ಸೋಲು ತೋರಿಸಬಾರದು. ಇನ್ನಷ್ಟು ಜೋರಾಗಿ ಮುಂದುವರಿಸಿದರು.

"ಮಾತಿಗೆ ಮಾತು ಬೇರೆ. ಇರಲಿ. ನಾಳೆ ಹಾಸ್ಟೆಲಿಗೆ ಹೋದ ಮೇಲೆ ಗೊತ್ತಾಗ್ತದೆ. ಬೆಂಡೆಕಾಯಿ ಬಿಟ್ಟದ್ದು, ಗಾಳಿಗೆ ತಲೆ ಹಾಕಿ ಮಲಗಿದ್ದು, ಶೂ ಸವೆದದ್ದು, ಇದನ್ನೆಲ್ಲ ನೋಡಿ ಬೈಲಿಕ್ಕೆ ಅಲ್ಲಿ ಯಾರಿದ್ದಾರೆ?"

ಮಾತು ಅಲ್ಲಿಗೆ ನಿಂತಿತು.

ಬೆದರಿಸಲೆಂದು ಆಡಿದ ಮಾತು ಅದು. ಅವರೇ ಕೇಳಿದ ಪ್ರಶ್ನೆ ಅವರ ಮುಂದೆಯೇ ಬಂದು ಕುಳಿತಿತು. ಊರಿನ ಸಭೆಗಳಲ್ಲಿ ಎಷ್ಟೋ ಎದುರಾಳಿಗಳನ್ನು ಅವರು ಹೀಗೆ ಸ್ವಂತ ಮಾತಿನಲ್ಲೇ ಸಿಕ್ಕಿಸಿಹಾಕಿದ್ದರಂತೆ. ಸಿಕ್ಕಿಕೊಂಡವರ ಮುಖ ಹೇಗಿರುತ್ತದೆ ಎಂದು ಅಂದು ನಾನು ನೋಡಿದೆ. ಅವರ ಕಣ್ಣು ರೂಢಿಯಂತೆ ಮೇಲಕ್ಕೆ ಹೊರಟಿತು, ತೂಗುದೀಪದ ಕಡೆಗೆ. ಅರ್ಧ ದಾರಿಗೆ ಹೋಗಿ, ಮರಳಿ ಕೆಳಗೆ, ಅವಳ ಮುಖಕ್ಕೇ ಬಂತು. ಅಲ್ಲೇ ಉಳಿಯಿತು.

"ಯಾರೂ ಇಲ್ಲ, ಮಾವ," ಎಂದಳು ಸವಿತಾ. "ಹಾಗಾದ್ರೆ?"

"ಹಾಗಾದ್ರೆ ಎಂತ." ಅವರ ದನಿ ಈಗ ಎರಡನೇ ಸಾಲಿನವರೆಗೂ ಮುಟ್ಟುತ್ತಿರಲಿಲ್ಲ. ನನಗೆ ಕೇಳಿಸಿತು. "ಖಲಾಸ್. ಹಾಸ್ಟೆಲ್ ಖಲಾಸ್. ಬೆಂಡೆಕಾಯಿ ತಿನ್ನಬೇಕು."

ಸಭೆಯಲ್ಲಿ ಹೇಳಿದ ಅರ್ಥ. ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ.

ಅತಿಥಿಗಳು ಒಂದು ಅಕ್ಷರ ತಿಳಿಯದಿದ್ದರೂ ಇದೆಲ್ಲ ಕಾರ್ಯಕ್ರಮದ ಭಾಗವೆಂದುಕೊಂಡು ಎದ್ದುನಿಂತು ಚಪ್ಪಾಳೆ ಹೊಡೆದರು. ಒಬ್ಬ ಇಂಜಿನಿಯರ್ ನನ್ನ ಬಳಿ ಬಂದು, ಆ ಮುದುಕ ನಟ ಯಾವ ತಂಡದವನು ಎಂದು ಕೇಳಿದ. ಹೆಗ್ಡೆಯವರು ಎದ್ದು, ಕುರ್ಚಿಯನ್ನು ಅದರ ಜಾಗದಲ್ಲಿಟ್ಟು, ನನ್ನ ಪಕ್ಕಕ್ಕೆ ಬಂದು, ದೀಪಕ್ಕೆ ಹೇಳಿದರು:

"ಕ್ಯಾಸೆಟ್ ಯಾಕೆ ಹಾಕ್ಲಿಲ್ಲ?"

"ತಪ್ಪಾಯ್ತು ಸಾರ್."

"ಹೂಂ," ಎಂದರು. ದೀಪಕ್ಕೆ ಬೈದದ್ದು, ಸಣ್ಣ ತಪ್ಪು.

ನಮಗೆಲ್ಲ ಅವರು ಕೊನೆಯವರೆಗೂ ದೀಪ ನೋಡಿಯೇ ಬೈದರು. ಮುಖ ನೋಡಿ ಬೈಸಿಕೊಳ್ಳುವ ಭಾಗ್ಯ ಸವಿತಾಳಿಗೆ ಮಾತ್ರ. ಅದು ದಿನವೂ ಧಾರಾಳವಾಗಿ ಸಿಗುತ್ತಿತ್ತು. ಕೆಲವೊಮ್ಮೆ ಅವಳೇ, ಸಾಕು ಮಾವ, ಸ್ವಲ್ಪ ಎಸಿಗೂ ಹೇಳಿ ಎನ್ನುತ್ತಿದ್ದಳು. ಹನ್ನೆರಡನೇ ತರಗತಿಯವರೆಗೆ ಅವಳು ಮಸ್ಕತ್ತಿನಲ್ಲೇ ಓದಿದಳು.

ಆ ಗುರುವಾರದ ನಂತರದ ಶನಿವಾರ ಸಿಲ್ವಾನಾ ಹೊಸ ಹಾಡೊಂದನ್ನು ತಂದು, ಒಬ್ಬಳು ಹುಡುಗಿ ತನ್ನ ಮಾವನಿಗೆ ಎಂದು ಶುರುಮಾಡಿದಳು. ಹೆಗ್ಡೆಯವರು ಕೈಯೆತ್ತಿ ತಡೆದರು.

"ಮೇಡಮ್, ನಿಮ್ಮ ಹಾಡುಗಳಲ್ಲಿ ಸಾಲಿಗೊಂದು ಅಮೋರೆ, ಪ್ರಿಯ ಎಂಬ ಮಾತು, ಇರುತ್ತದೆ. ನಮ್ಮ ಊರಿನಲ್ಲಿ ಮಾವನನ್ನು ಯಾರೂ ಅಮೋರೆ ಎಂದು ಕರೆಯುವುದಿಲ್ಲ. ನಿಮ್ಮಲ್ಲಿಯೂ ಕರೆಯಲಿಕ್ಕಿಲ್ಲ."

ಸಿಲ್ವಾನಾಳ ಮುಖ ಕೆಂಪಾಯಿತು. "ಮೊದಲಿನಿಂದ ಗೊತ್ತಿತ್ತಾ, ಮಿಸ್ತರ್ ಎಗ್ದೆ?"

"ಅರ್ಥ ಚೆನ್ನಾಗಿತ್ತು," ಎಂದರು ಹೆಗ್ಡೆಯವರು ದೀಪಕ್ಕೆ. "ಮುಂದುವರಿಸಿ."

ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ತಂತಿಯಿಲ್ಲದ ಮೈಕುಗಳು ಮೇಸ್ತ್ರಿಗಳ ಮಾತು ಕೇಳುವುದನ್ನು ಬಿಟ್ಟವು. ಹಾಲನ್ನು ನವೀಕರಿಸುವಾಗ ತೂಗುದೀಪವನ್ನು ಇಳಿಸಿ, ಚಾವಣಿಯೊಳಗೆ ಅಡಗುವ ಸಣ್ಣ ದೀಪಗಳನ್ನು ಹಾಕಿದರು. ಬಿಚ್ಚುವುದನ್ನು ನಿಂತು ನೋಡುತ್ತಿದ್ದ ಹೆಗ್ಡೆಯವರಿಗೆ ಹಮೀದ್, "ಸಾರ್, ಇನ್ನು ಯಾರಿಗೆ ಬೈಯುದು?" ಎಂದು ಕೇಳಿದ. ಅವರು ಅವನ ಭುಜದ ಆಚೆಗಿದ್ದ ಏಣಿಯನ್ನು ನೋಡಿ, ನಿನಗೆ ಕೆಲಸ ಇಲ್ಲವಾ ಎಂದರು. ಅದಾದ ಮೇಲೆ ಅವರು ಬಹಳ ಕಾಲ ಅಲ್ಲಿರಲಿಲ್ಲ. ನಿವೃತ್ತರಾಗಿ ಊರಿಗೆ ಹೋದರು, ಊರಿನಲ್ಲೇ ತೀರಿಕೊಂಡರು.

ಆ ಸಂಜೆಯನ್ನು ನೋಡಿ ಈಗ ಉಳಿದವರು ಯಾರು ಎಂದರೆ: ಹಮೀದ್ ಇದ್ದಾನೆ, ಉಳ್ಳಾಲದಲ್ಲಿ, ಮಗನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಅವನನ್ನು ಕೇಳಬಹುದು, ಆದರೆ ಅವನು ಸ್ವಲ್ಪ ಸೇರಿಸಿ ಹೇಳುತ್ತಾನೆ. ಟ್ರೇ ಬಿತ್ತು ಎನ್ನುತ್ತಾನೆ, ಬೀಳಲಿಲ್ಲ, ಅವನೇ ಕೆಳಗಿಟ್ಟದ್ದು. ಸಿಲ್ವಾನಾ ಬದುಕಿದ್ದಾಳೋ ಇಲ್ಲವೋ ನನಗೆ ತಿಳಿಯದು. ಸವಿತಾ ಇದ್ದಾಳೆ, ಸೊಹಾರಿನಲ್ಲಿ, ಗಂಡ ಮಕ್ಕಳೊಂದಿಗೆ. ಇದನ್ನು ಬರೆಯುವ ಮೊದಲು ಅವಳಿಗೆ ವೀಡಿಯೊ ಕರೆ ಮಾಡಿ, ಬರೆಯಲೇ ಎಂದು ಕೇಳಿದೆ. ಬರೆಯಿರಿ ಎಂದಳು. ಆಮೇಲೆ ಫೋನನ್ನು ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ, ನನ್ನ ಮುಖವನ್ನೇ ನೋಡುತ್ತಾ, "ಎಂತ ಅಂಕಲ್, ಗಡ್ಡ ಮಾಡ್ಲಿಲ್ಲ, ಕನ್ನಡಕ ಒರೆಸ್ಲಿಲ್ಲ, ಊಟವೂ ಸರಿ ಮಾಡುದಿಲ್ಲ ಅಂತ ಕಾಣ್ತದೆ," ಎಂದು ಬೈಯತೊಡಗಿದಳು. ಅವಳು ಮುಗಿಸುವವರೆಗೂ ನಾನು ಫೋನನ್ನು ಅಲುಗಿಸದೆ ಹಿಡಿದುಕೊಂಡಿದ್ದೆ.